ಮಿನುಗನ್ನು ನಂಬುವ ಮುನ್ನ

ಚೆನ್ನೈಯಿಂದ ಮುಂಬೈಗೆ ಹೋಗುವ ಹಳೆಯ ರೈಲು ಹಾದಿ ಗುಂತಕಲ್ ದಾಟಿದ ಮೇಲೆ ಆದೋನಿ, ಕೋಸಿಗಿ, ಮಂತ್ರಾಲಯ ರೋಡ್ ನಿಲ್ದಾಣಗಳನ್ನು ಹಾದು, ತುಂಗಭದ್ರೆಯ ಸೇತುವೆ ದಾಟಿ ರಾಯಚೂರು ಸೇರುತ್ತದೆ. ದಕ್ಷಿಣದ ಮದರಾಸ್ ರೈಲ್ವೆಯೂ ಮುಂಬೈ ಕಡೆಯ ಜಿಐಪಿ ರೈಲ್ವೆಯೂ 1871ರಲ್ಲಿ ಕೂಡಿಕೊಂಡದ್ದು ಇದೇ ರಾಯಚೂರಿನಲ್ಲಿ. ಮಂತ್ರಾಲಯದ ರಾಯರ ದರ್ಶನಕ್ಕೆ ಬರುವವರಿಗೆ ಎರಡೂ ದಿಕ್ಕಿನಿಂದ ದಾರಿ ಸಲೀಸಾದದ್ದು ಆ ಕೂಡಿಕೆಯಿಂದ. ಈಗ ಈ ಹಾದಿಯ ಎರಡೂ ತುದಿಗಳಲ್ಲಿ ಇನ್ನೊಂದು ಬಗೆಯ ಭರವಸೆ ಇದೆ. ಚೆನ್ನೈನ ತರಮಣಿಯಲ್ಲಿ 2019ರ ಜನವರಿಯಲ್ಲಿ ಅಪೋಲೊ ಪ್ರೋಟಾನ್ ಕ್ಯಾನ್ಸರ್ ಕೇಂದ್ರ ತೆರೆಯಿತು. ದಕ್ಷಿಣ ಏಷ್ಯಾದಲ್ಲೇ ಅದು ಮೊದಲ ಪ್ರೋಟಾನ್ ಚಿಕಿತ್ಸಾ ಕೇಂದ್ರ. ಮುಂಬೈ ತುದಿಯಲ್ಲಿ, ನವಿ ಮುಂಬೈನ ಖಾರ್‌ಘರ್‌ನಲ್ಲಿ, ಟಾಟಾ ಸ್ಮಾರಕ ಕೇಂದ್ರದ ಆ್ಯಕ್ಟ್ರೆಕ್ ಆವರಣದ ಪ್ರೋಟಾನ್ ಚಿಕಿತ್ಸಾ ಘಟಕ 2023ರ ಮೇ ತಿಂಗಳಲ್ಲಿ ದೇಶಕ್ಕೆ ಸಮರ್ಪಣೆಯಾಯಿತು.

ಕರ್ನಾಟಕ-ಆಂಧ್ರ ಗಡಿಯ ಈ ಸೀಮೆಯಲ್ಲಿ ದೊಡ್ಡ ಕಾಯಿಲೆ ಬಂತೆಂದರೆ ಊರು ಬಿಡಬೇಕು. ಬಳ್ಳಾರಿ, ಕರ್ನೂಲು, ಹೈದರಾಬಾದ್, ಬೆಂಗಳೂರು ಸುತ್ತಿ ಬಂದವರಲ್ಲಿ ಕೆಲವರಿಗೆ, ಅದರಲ್ಲೂ ಮಕ್ಕಳ ಮಿದುಳಿನಲ್ಲೋ ಬೆನ್ನುಹುರಿಯ ಪಕ್ಕದಲ್ಲೋ ಗೆಡ್ಡೆ ಇದ್ದಾಗ, ವೈದ್ಯರು ಪ್ರೋಟಾನ್ ಚಿಕಿತ್ಸೆಯ ಹೆಸರು ಹೇಳುತ್ತಾರೆ. ಖರ್ಚೆಷ್ಟು, ಎಷ್ಟು ದಿನ, ಗುಣವಾಗುತ್ತದೆಯೆ ಎಂದು ಮನೆಯವರು ಕೇಳುತ್ತಾರೆ. ಇಡೀ ಚಿಕಿತ್ಸೆ ಯಾವುದರ ಮೇಲೆ ನಿಂತಿದೆಯೋ ಆ ಇನ್ನೊಂದು ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ. ಯಂತ್ರದ ಪರದೆ ಇಂದು 2 ಗ್ರೇ (ವಿಕಿರಣದ ಅಳತೆಯ ಮಾನ) ಡೋಸ್ ಕೊಟ್ಟಾಯಿತು ಎಂದು ತೋರಿಸಿದಾಗ, ಅದು ನಿಜಕ್ಕೂ 2 ಗ್ರೇ ಎಂದು ಹೇಳುವವರು ಯಾರು? ಯಾವುದನ್ನು ಯಾವುದರೊಂದಿಗೆ ಹೋಲಿಸಿ ಹೇಳುತ್ತಾರೆ?

ಉತ್ತರ ಇರುವುದು ಅಳತೆಯ ಉಪಕರಣಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಆ ಉಪಕರಣಗಳನ್ನೇ ಒರೆಗೆ ಹಚ್ಚುವ ಕ್ಯಾಲಿಬ್ರೇಷನ್ ಎಂಬ ಕೆಲಸದಲ್ಲಿ. ಅಂಥ ಉಪಕರಣಗಳಲ್ಲಿ ಒಂದರ ಹೆಸರು ಸಿಂಟಿಲೇಟರ್. ಕಣ ತಾಗಿದರೆ ಮಿನುಗುವ ವಸ್ತು ಅದು. ಆ ಮಿನುಗು ನಂಬಬಹುದಾದ ಅಂಕಿಯಾಗುವುದು ಹೇಗೆ, ಎಲ್ಲಿ ಅದು ನಂಬಿಕೆಗೆ ಸಲ್ಲುವುದಿಲ್ಲ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳಷ್ಟೇ ಅಲ್ಲ, ಚಿಕಿತ್ಸೆಗೆ ಹೊರಟವರೂ ತಿಳಿದಿರಬೇಕು.

ಒಳಗೇ ನಿಲ್ಲುವ ಕಿರಣ

ಸಾಮಾನ್ಯ ರೇಡಿಯೋಥೆರಪಿಯಲ್ಲಿ ಬಳಸುವ ಎಕ್ಸ್-ಕಿರಣ ದೇಹವನ್ನು ಹೊಕ್ಕು, ಗೆಡ್ಡೆಯನ್ನು ದಾಟಿ, ಆಚೆ ಬದಿಯಿಂದ ಹೊರಬೀಳುತ್ತದೆ. ದಾರಿಯುದ್ದಕ್ಕೂ ಆರೋಗ್ಯವಂತ ಅಂಗಾಂಶಗಳಿಗೆ ಒಂದಿಷ್ಟು ಏಟು ಬಿದ್ದೇ ಬೀಳುತ್ತದೆ. ಪ್ರೋಟಾನ್ ಹಾಗಲ್ಲ. ಹೈಡ್ರೋಜನ್ ಪರಮಾಣುವಿನ ಬೀಜವೇ ಆದ ಈ ಕಣ ದೇಹದೊಳಗೆ ಹೋದಂತೆ ವೇಗ ಕಳೆದುಕೊಳ್ಳುತ್ತದೆ. ವೇಗ ಕಡಿಮೆಯಾದಷ್ಟೂ ಸುತ್ತಲ ಅಣುಗಳಿಗೆ ಹೆಚ್ಚು ಹೆಚ್ಚು ಶಕ್ತಿ ಕೊಡುತ್ತದೆ. ಕೊನೆಯ ಕೆಲವು ಮಿಲಿಮೀಟರ್‌ಗಳಲ್ಲಿ ಉಳಿದದ್ದನ್ನೆಲ್ಲ ಸುರಿದು ಅಲ್ಲೇ ನಿಲ್ಲುತ್ತದೆ. ವಿಲಿಯಂ ಬ್ರಾಗ್ 1904ರ ಹೊತ್ತಿಗೆ ಆಲ್ಫಾ ಕಣಗಳಲ್ಲಿ ಈ ಗುಣವನ್ನು ಕಂಡಿದ್ದರು. ಆದ್ದರಿಂದ ಕೊನೆಯ ಆ ಏರಿಗೆ ‘ಬ್ರಾಗ್ ಶಿಖರ’ ಎಂದು ಹೆಸರು. ಈ ಶಿಖರವನ್ನು ಗೆಡ್ಡೆಯ ಮೇಲೆ ಕೂರಿಸಿದರೆ ಅದರ ಹಿಂದಿನ ಅಂಗ ಉಳಿಯುತ್ತದೆ ಎಂದು ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ 1946ರಲ್ಲಿ ಬರೆದರು. 1954ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮೊದಲ ರೋಗಿಗೆ ಪ್ರೋಟಾನ್ ಚಿಕಿತ್ಸೆ ಸಿಕ್ಕಿತು.

ಪ್ರೋಟಾನ್ ಎಷ್ಟು ಆಳದಲ್ಲಿ ನಿಲ್ಲುತ್ತದೆ ಎಂಬುದನ್ನು ಅದರ ಶಕ್ತಿಯೇ ತೀರ್ಮಾನಿಸುತ್ತದೆ. 70 ಎಂಇವಿ, ಅಂದರೆ 7 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಪ್ರೋಟಾನ್ ನೀರಿನಲ್ಲಿ ಸುಮಾರು 4 ಸೆಂ.ಮೀ. ಹೋಗುತ್ತದೆ. 150 ಎಂಇವಿಯದು ಸುಮಾರು 16 ಸೆಂ.ಮೀ., 230 ಎಂಇವಿಯದು 33 ಸೆಂ.ಮೀ. ದಾಟುವುದಿಲ್ಲ. ಮನುಷ್ಯ ದೇಹದ ಬಹುಪಾಲು ನೀರೇ ಆದ್ದರಿಂದ ಈ ಲೆಕ್ಕಗಳನ್ನೆಲ್ಲ ಮೊದಲು ನೀರಿನಲ್ಲಿ ಮಾಡುತ್ತಾರೆ. 150 ಎಂಇವಿಯ ಕಿರಣದಲ್ಲಿ ಶಕ್ತಿ ಬರೀ ಅರ್ಧ ಎಂಇವಿ ತಪ್ಪಿದರೆ ಶಿಖರ ಸುಮಾರು 1 ಮಿ.ಮೀ. ಸರಿಯುತ್ತದೆ. ಕಣ್ಣಿನ ನರಕ್ಕೂ ಗೆಡ್ಡೆಗೂ ನಡುವೆ ಕೆಲವೊಮ್ಮೆ ಅಷ್ಟೇ ಜಾಗ ಇರುತ್ತದೆ. ಪ್ರೋಟಾನಿನ ದೊಡ್ಡ ಗುಣವೂ ದೊಡ್ಡ ಅಪಾಯವೂ ಒಂದೇ: ನಿಲ್ಲಿಸಿದ ಕಡೆ ಅದು ನಿಲ್ಲುತ್ತದೆ. ಆ ಜಾಗ ತಪ್ಪಾಗಿದ್ದರೆ ಗೆಡ್ಡೆಯ ಒಂದು ಅಂಚಿಗೆ ಏನೂ ಸಿಗದೆ ಹೋಗಬಹುದು, ಪಕ್ಕದ ನರಕ್ಕೆ ಎಲ್ಲವೂ ಸಿಗಬಹುದು.

ಮೊದಲ ರೋಗಿಗೂ ಮುಂಚೆ

ಚೆನ್ನೈ ಮತ್ತು ನವಿ ಮುಂಬೈನ ಈ ಎರಡೂ ಕೇಂದ್ರಗಳಲ್ಲಿ ಬೆಲ್ಜಿಯಂ ಮೂಲದ ಐಬಿಎ ಸಂಸ್ಥೆಯ ಯಂತ್ರಗಳಿವೆ. ಸೈಕ್ಲೋಟ್ರಾನ್ ಎಂಬ ದೈತ್ಯ ಯಂತ್ರ ಪ್ರೋಟಾನುಗಳನ್ನು ಸುರುಳಿಯಲ್ಲಿ ತಿರುಗಿಸುತ್ತಾ ಸುಮಾರು 230 ಎಂಇವಿಗೆ ಏರಿಸುತ್ತದೆ. ಆಗ ಅವುಗಳ ವೇಗ ಬೆಳಕಿನ ವೇಗದ ಸುಮಾರು 60 ಪ್ರತಿಶತ. ಬೇಕಾದ ಆಳಕ್ಕೆ ತಕ್ಕಂತೆ ಶಕ್ತಿಯನ್ನು ತಗ್ಗಿಸಿ, ಕಿರಣವನ್ನು ಕೆಲವೇ ಮಿಲಿಮೀಟರ್ ಅಗಲಕ್ಕೆ ಹಿಡಿದು, ಅಯಸ್ಕಾಂತಗಳಿಂದ ಅತ್ತಿತ್ತ ಸರಿಸುತ್ತಾ, ಗೆಡ್ಡೆಯ ಒಂದೊಂದು ಪದರದಲ್ಲೂ ಚುಕ್ಕಿ ಚುಕ್ಕಿಯಾಗಿ ಡೋಸ್ ಇಡುತ್ತಾರೆ. ಒಬ್ಬ ರೋಗಿಗೆ ಇಂಥ ಸಾವಿರಾರು ಚುಕ್ಕಿಗಳು ಬೇಕಾಗಬಹುದು.

ಬೆಳಿಗ್ಗೆ ಮೊದಲ ರೋಗಿ ಒಳಗೆ ಬರುವ ಮುನ್ನ ಮೆಡಿಕಲ್ ಫಿಸಿಸಿಸ್ಟ್ ಮೂರು ಸಂಗತಿಗಳನ್ನು ನೋಡುತ್ತಾರೆ. ಚುಕ್ಕಿ ಇರಬೇಕಾದ ಜಾಗದಲ್ಲಿದೆಯೆ? ಕಿರಣ ಹೋಗಬೇಕಾದಷ್ಟೇ ಆಳ ಹೋಗುತ್ತಿದೆಯೆ? ಕೊಟ್ಟ ಡೋಸ್ ಎಷ್ಟು? ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2019ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ದಿನನಿತ್ಯದ ಈ ಪರೀಕ್ಷೆಯಲ್ಲಿ ಡೋಸ್ 3 ಪ್ರತಿಶತಕ್ಕಿಂತ ಹೆಚ್ಚು ಹಿಂದುಮುಂದಾಗಬಾರದು, ಆಳ 1 ಮಿ.ಮೀ.ಗಿಂತ ಹೆಚ್ಚು ತಪ್ಪಬಾರದು.

ಡೋಸ್ ಅಳತೆಯ ಅಡಿಪಾಯ ಅಯಾನ್ ಚೇಂಬರ್ ಎಂಬ ಪುಟ್ಟ ಉಪಕರಣ. ಅದರೊಳಗೆ ಒಂದು ಚಿಟಿಕೆ ಗಾಳಿ ಇರುತ್ತದೆ. ಕಿರಣ ಹಾಯ್ದಾಗ ಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ, ಆ ವಿದ್ಯುದಂಶವನ್ನು ಎಣಿಸಿದರೆ ಡೋಸ್ ಸಿಗುತ್ತದೆ. ನೂರು ವರ್ಷಗಳಿಂದ ಪರಿಚಿತವಾದ, ನಂಬಿಕೆಗೆ ಅರ್ಹವಾದ ವಿಧಾನ ಇದು. ಆದರೆ ಚೇಂಬರ್ ನೋಡುವುದು ಒಂದೇ ಬಿಂದುವನ್ನು. ಸಾವಿರಾರು ಚುಕ್ಕಿಗಳ ಕಿರಣಕ್ಕೆ ಒಂದು ಬಿಂದುವಿನ ಅಳತೆ ಸಾಲದು. ಇಡೀ ಹರವನ್ನು ಒಂದೇ ನೋಟಕ್ಕೆ ತೋರಿಸುವ ಉಪಕರಣ ಬೇಕು. ಅಲ್ಲಿ ಸಿಂಟಿಲೇಟರ್ ಬರುತ್ತದೆ. ಗ್ಯಾಡೋಲಿನಿಯಂ ಸಂಯುಕ್ತ ಬಳಿದ 30 ಸೆಂ.ಮೀ. ಚೌಕದ ಪರದೆ, ಅದರ ಹಿಂದೆ ಕತ್ತಲ ಪೆಟ್ಟಿಗೆಯಲ್ಲಿ ಒಂದು ಕನ್ನಡಿ, ಒಂದು ಕ್ಯಾಮೆರಾ. ಪ್ರೋಟಾನ್ ಬಿದ್ದಲ್ಲೆಲ್ಲ ಪರದೆ ಹಸಿರಾಗಿ ಮಿನುಗುತ್ತದೆ, ಕ್ಯಾಮೆರಾ ಚುಕ್ಕಿಗಳ ಚಿತ್ರ ತೆಗೆಯುತ್ತದೆ. ಅರ್ಧ ಮಿಲಿಮೀಟರ್‌ನಷ್ಟು ಸೂಕ್ಷ್ಮವಾದ ಚಿತ್ರ ಅದು.

ಕಣ್ಣಿನಿಂದ ಕೊಳವೆಗೆ

ಮಿನುಗನ್ನು ಎಣಿಸುವ ವಿದ್ಯೆ ಹೊಸದಲ್ಲ. ವಿಲಿಯಂ ಕ್ರೂಕ್ಸ್ 1903ರಲ್ಲೇ ಜಿಂಕ್ ಸಲ್ಫೈಡ್ ಪರದೆಯ ಮೇಲೆ ರೇಡಿಯಂನ ಕಣಗಳು ಬಿದ್ದಾಗ ಕಾಣುವ ಕಿಡಿಗಳನ್ನು ತೋರಿಸಿದ್ದರು. 1909ರಲ್ಲಿ ಮ್ಯಾಂಚೆಸ್ಟರ್‌ನ ರುದರ್‌ಫರ್ಡ್ ಪ್ರಯೋಗಾಲಯದಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ಕತ್ತಲಲ್ಲಿ ಕೂತು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಚಿನ್ನದ ಹಾಳೆಯಿಂದ ಹಿಂದಕ್ಕೆ ಸಿಡಿದ ಕಣಗಳ ಮಿನುಗುಗಳನ್ನು ಒಂದೊಂದಾಗಿ ಎಣಿಸಿದರು. ಪರಮಾಣುವಿಗೆ ಬೀಜವೊಂದಿದೆ ಎಂದು ಜಗತ್ತಿಗೆ ಗೊತ್ತಾದದ್ದು ಆ ಎಣಿಕೆಯಿಂದ. ಆದರೆ ಮನುಷ್ಯನ ಕಣ್ಣು ದಣಿಯುತ್ತದೆ, ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. 1940ರ ದಶಕದಲ್ಲಿ ಕಣ್ಣಿನ ಜಾಗಕ್ಕೆ, ಮಿನುಗನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಫೋಟೊಮಲ್ಟಿಪ್ಲೈಯರ್ ಕೊಳವೆ ಬಂತು. 1948ರಲ್ಲಿ ರಾಬರ್ಟ್ ಹಾಫ್‌ಸ್ಟ್ಯಾಟರ್ ಥ್ಯಾಲಿಯಂ ಬೆರೆಸಿದ ಸೋಡಿಯಂ ಅಯೋಡೈಡ್ ಹರಳನ್ನು ಪರಿಚಯಿಸಿದರು. ನಮ್ಮ ವಿಶ್ವವಿದ್ಯಾಲಯಗಳ ಎಂಎಸ್ಸಿ ಭೌತವಿಜ್ಞಾನದ ಪ್ರಯೋಗಾಲಯಗಳಲ್ಲಿ ಗಾಮಾ ಕಿರಣ ಅಳೆಯಲು ಇಂದಿಗೂ ಕಾಣುವುದು ಅದೇ ಹರಳು.

ಸೋಡಿಯಂ ಅಯೋಡೈಡ್ ಹರಳಿನಲ್ಲಿ ಎಲೆಕ್ಟ್ರಾನೊಂದು 1 ಎಂಇವಿ ಶಕ್ತಿ ಬಿಟ್ಟರೆ ಸುಮಾರು 38,000 ಬೆಳಕಿನ ಕಣಗಳು ಹುಟ್ಟುತ್ತವೆ. ಪ್ಲಾಸ್ಟಿಕ್ ಸಿಂಟಿಲೇಟರಿನಲ್ಲಿ ಸುಮಾರು 10,000. ಪ್ಲಾಸ್ಟಿಕ್ಕಿಗೆ ಬೇರೆ ಗುಣಗಳಿವೆ: ಮಿನುಗಿ ಆರುವುದಕ್ಕೆ ಅದಕ್ಕೆ ಒಂದೆರಡು ನ್ಯಾನೊಸೆಕೆಂಡ್ ಸಾಕು, ಬೇಕಾದ ಆಕಾರಕ್ಕೆ ಕೊಯ್ಯಬಹುದು, ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಒಂದು ಗ್ರಾಂ ಪ್ಲಾಸ್ಟಿಕ್ಕಿಗೆ 1 ಗ್ರೇ ಡೋಸ್ ಬಿದ್ದರೆ, ಅಂದರೆ ಕಿಲೋಗ್ರಾಮಿಗೆ 1 ಜೂಲ್ ಲೆಕ್ಕದಲ್ಲಿ ಶಕ್ತಿ ಇಳಿದರೆ, ಒಳಗೆ ಬಿಡುಗಡೆಯಾಗುವುದು ಸುಮಾರು 624 ಕೋಟಿ ಎಂಇವಿ. ಹುಟ್ಟುವ ಬೆಳಕಿನ ಕಣಗಳನ್ನು ಲಕ್ಷ ಕೋಟಿಗಳಲ್ಲಿ ಎಣಿಸಬೇಕು. ಚಿಕಿತ್ಸೆಯ ಕಿರಣದಲ್ಲಿ ಬೆಳಕಿಗೆ ಬರವಿಲ್ಲ. ಆ ಬೆಳಕು ಎಷ್ಟು ಪ್ರಾಮಾಣಿಕ ಎಂಬುದೇ ಪ್ರಶ್ನೆ.

ಸೊನ್ನೆಯಿಂದ ಶುರು

ಹೊಸ ಡಿಟೆಕ್ಟರ್ ಕೈಗೆ ಬಂದಾಗ ಮೊದಲ ಕೆಲಸ ಅದರ ಸೊನ್ನೆ ಎಲ್ಲಿದೆ ಎಂದು ನೋಡುವುದು. ಯಾವ ಕಣವೂ ಬೀಳದ ಕತ್ತಲಲ್ಲೂ ಎಲೆಕ್ಟ್ರಾನಿಕ್ ಮಂಡಲ ಒಂದು ಸಣ್ಣ ಅಂಕಿಯನ್ನು ತೋರಿಸುತ್ತಿರುತ್ತದೆ. ಅದನ್ನು ಬರೆದಿಟ್ಟು ಪ್ರತಿ ಅಳತೆಯಿಂದಲೂ ಕಳೆಯಬೇಕು. ಆಮೇಲೆ ಗೊತ್ತಿರುವ ಶಕ್ತಿಯ ಮೂಲವೊಂದನ್ನು ಎದುರಿಗಿಡಬೇಕು. ಸೀಸಿಯಂ-137 ಹೊಮ್ಮಿಸುವ ಗಾಮಾ ಕಿರಣದ ಶಕ್ತಿ 662 ಕೆಇವಿ (0.662 ಎಂಇವಿ), ಕೋಬಾಲ್ಟ್-60ರದು 1.17 ಮತ್ತು 1.33 ಎಂಇವಿ. ಸೋಡಿಯಂ ಅಯೋಡೈಡಿನಲ್ಲಿ ಈ ಶಕ್ತಿಗಳಿಗೆ ಸರಿಯಾಗಿ ಚೂಪಾದ ಶಿಖರಗಳು ಮೂಡುತ್ತವೆ. ಪ್ಲಾಸ್ಟಿಕ್ಕಿನಲ್ಲಿರುವುದು ಇಂಗಾಲ, ಹೈಡ್ರೋಜನ್‌ಗಳಂಥ ಹಗುರ ಪರಮಾಣುಗಳು. ಗಾಮಾ ಕಿರಣ ಅಲ್ಲಿ ಎಲೆಕ್ಟ್ರಾನಿಗೆ ತಾಗಿ ಚದುರುತ್ತದೆಯೇ ಹೊರತು ಪೂರ್ತಿ ಹೀರಿಕೊಳ್ಳುವುದು ಅಪರೂಪ. ಹೀಗಾಗಿ ಶಿಖರದ ಬದಲು 477 ಕೆಇವಿಯ ಬಳಿ ಒಂದು ಇಳಿಜಾರು ಸಿಗುತ್ತದೆ. ಸೀಸಿಯಂನ ಕಿರಣ ಒಂದೇ ಡಿಕ್ಕಿಯಲ್ಲಿ ಎಲೆಕ್ಟ್ರಾನಿಗೆ ಕೊಡಬಲ್ಲ ಅತಿ ಹೆಚ್ಚಿನ ಶಕ್ತಿ ಅಷ್ಟು. ಇಳಿಜಾರಿನ ಯಾವ ಬಿಂದುವನ್ನು 477 ಎಂದು ಗುರುತಿಸಬೇಕೆಂಬುದಕ್ಕೂ ಲೆಕ್ಕ ಬೇಕು. ಎರಡು ಮೂರು ಮೂಲಗಳನ್ನಿಟ್ಟು ಬಿಂದುಗಳನ್ನು ಗುರುತಿಸಿ, ಅವು ಒಂದೇ ಗೆರೆಯ ಮೇಲೆ ಕೂರುತ್ತವೆಯೆ ಎಂದು ನೋಡಬೇಕು.

ಇನ್ನೊಂದು ಮೂಲಕ್ಕೆ ದುಡ್ಡೂ ಬೇಡ, ಪರವಾನಗಿಯೂ ಬೇಡ. ಬಾಹ್ಯಾಕಾಶದಿಂದ ಬರುವ ಕಣಗಳು ಮೇಲಿನ ವಾತಾವರಣಕ್ಕೆ ಬಡಿದಾಗ ಹುಟ್ಟುವ ಮ್ಯೂಯಾನುಗಳು ನೆಲದ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಬೀಳುತ್ತಿರುತ್ತವೆ. ಮಂತ್ರಾಲಯದ ಮಠದ ಅಂಗಳದಲ್ಲೂ ಆದೋನಿಯ ಬೆಟ್ಟದ ಮೇಲೂ ಈ ಮಳೆ ನಿಂತದ್ದೇ ಇಲ್ಲ. ಪ್ಲಾಸ್ಟಿಕ್ಕಿನ ಪ್ರತಿ ಸೆಂಟಿಮೀಟರ್ ದಪ್ಪಕ್ಕೆ ಮ್ಯೂಯಾನ್ ಸುಮಾರು 2 ಎಂಇವಿ ಬಿಟ್ಟುಹೋಗುತ್ತದೆ. ಎರಡು ಹಲಗೆಗಳನ್ನು ಮೇಲೆ ಕೆಳಗೆ ಇಟ್ಟು, ಎರಡೂ ಏಕಕಾಲಕ್ಕೆ ಮಿನುಗಿದಾಗ ಮಾತ್ರ ದಾಖಲಿಸಿದರೆ, ನೇರವಾಗಿ ಹಾಯ್ದ ಮ್ಯೂಯಾನಿನ ಗುರುತು ಸ್ಪಷ್ಟವಾಗಿ ಸಿಗುತ್ತದೆ.

ಈ ವಿದ್ಯೆಯಲ್ಲಿ ಕನ್ನಡ ನಾಡಿಗೆ ಜಗತ್ತೇ ನೆನೆಯುವ ಪಾಲಿದೆ. 1925ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರು ಹೋಮಿ ಭಾಭಾ ಅವರ ಮಾರ್ಗದರ್ಶನದಲ್ಲಿ ಕೋಲಾರದ ಚಿನ್ನದ ಗಣಿಗಳಿಗಿಳಿದು, ಬೇರೆ ಬೇರೆ ಆಳಗಳಲ್ಲಿ ಎಷ್ಟು ಮ್ಯೂಯಾನುಗಳು ಉಳಿಯುತ್ತವೆ ಎಂದು ಅಳೆದರು. ಮುಂದೆ 1975ರಿಂದ 1987ರವರೆಗೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಆ ಸಂಸ್ಥೆಯೂ ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳೂ ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿ.ಮೀ. ಆಳದಲ್ಲಿ, ಪ್ಲಾಸ್ಟಿಕ್ ಸಿಂಟಿಲೇಟರುಗಳ ಗೋಡೆಗಳನ್ನು ನಿಲ್ಲಿಸಿದವು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ ಕಣಗಳ ಗುರುತು ಅಲ್ಲಿ ಸಿಕ್ಕಿತೆಂದು 1965ರಲ್ಲಿ ಪ್ರಕಟವಾಯಿತು. ನೆಲದ ಮೇಲೆ ಎಡೆಬಿಡದೆ ಸುರಿಯುವ ಮ್ಯೂಯಾನುಗಳು ಅಷ್ಟು ಆಳದಲ್ಲಿ ಅತಿ ವಿರಳ. ಅಪರೂಪಕ್ಕೆ ಬಂದ ಒಂದು ಮಿನುಗು ನಿಜವಾದ ಕಣದ್ದೋ ಕೊಳವೆಯ ಗದ್ದಲದ್ದೋ ಎಂದು ಹೇಳಬೇಕಾದರೆ ಪ್ರತಿ ಡಿಟೆಕ್ಟರಿನ ನಡತೆ ಮೊದಲೇ ಗೊತ್ತಿರಬೇಕು. ಆ ಶೋಧದ ಹಿಂದೆ ಅಷ್ಟು ಶಿಸ್ತಿನ ದುಡಿಮೆ ಇತ್ತು.

ಹೆಚ್ಚು ಇರುವಲ್ಲೇ ಕಡಿಮೆ ತೋರಿಸುವ ಗುಣ

ಇಷ್ಟೆಲ್ಲ ಮಾಡಿದ ಮೇಲೂ ಪ್ರೋಟಾನ್ ಕಿರಣದ ಮುಂದೆ ಸಿಂಟಿಲೇಟರ್ ಒಂದು ಕಡೆ ಎಡವುತ್ತದೆ. ಗಾಮಾ ಮೂಲವಾಗಲಿ ಮ್ಯೂಯಾನಾಗಲಿ ವಸ್ತುವಿನೊಳಗೆ ಶಕ್ತಿಯನ್ನು ವಿರಳವಾಗಿ ಹರಡುತ್ತವೆ. ನಿಲ್ಲುವ ಹಂತಕ್ಕೆ ಬಂದ ಪ್ರೋಟಾನ್ ಅದನ್ನು ಒತ್ತೊತ್ತಾಗಿ ಸುರಿಯುತ್ತದೆ. ಹಾಗೆ ಒತ್ತಾಗಿ ಸುರಿದ ಕಡೆ, ಪ್ರಚೋದನೆಗೊಂಡ ಅಣುಗಳ ಶಕ್ತಿ ಬೆಳಕಾಗುವ ಮೊದಲೇ, ಪಕ್ಕದಲ್ಲೇ ಹಾನಿಗೊಂಡ ಅಣುಗಳ ಪಾಲಾಗಿ ಶಾಖವಾಗಿ ಹೋಗುತ್ತದೆ. ಬೆಳಕು ತಗ್ಗುತ್ತದೆ. ಇದನ್ನು ಸೂತ್ರಕ್ಕೆ ಇಳಿಸಿದವರು ಜೆ.ಬಿ. ಬರ್ಕ್ಸ್, 1951ರಲ್ಲಿ. ಕಣ ಪ್ರತಿ ಸೆಂಟಿಮೀಟರಿಗೆ ಬಿಡುವ ಶಕ್ತಿ ಏರಿದಂತೆ ಬೆಳಕೂ ಏರುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಏರುವುದಿಲ್ಲ ಎಂಬುದು ಸೂತ್ರದ ತಿರುಳು.

ಬೆಳಕು ಎಷ್ಟು ತಗ್ಗುತ್ತದೆಂದು ತೀರ್ಮಾನಿಸುವ ಅಂಕಿಗೆ ಬರ್ಕ್ಸ್ ಸ್ಥಿರಾಂಕ ಎಂದು ಹೆಸರು; ಪ್ಲಾಸ್ಟಿಕ್ಕಿಗೆ ಸಾಮಾನ್ಯವಾಗಿ ಬಳಸುವ ಸ್ಥಿರಾಂಕವನ್ನು ಆ ಸೂತ್ರದಲ್ಲಿಟ್ಟು ಲೆಕ್ಕ ಮಾಡಿ ನೋಡಬಹುದು. 200 ಎಂಇವಿಯ ಪ್ರೋಟಾನ್ ನೀರಿನಂಥ ವಸ್ತುವಿನಲ್ಲಿ ಪ್ರತಿ ಸೆಂಟಿಮೀಟರಿಗೆ ಸುಮಾರು 4.5 ಎಂಇವಿ ಬಿಡುತ್ತದೆ. ಬೆಳಕಿನಲ್ಲಿ ನಷ್ಟ 5ರಿಂದ 6 ಪ್ರತಿಶತ. ಅದೇ ಪ್ರೋಟಾನ್ ಸೋತು 10 ಎಂಇವಿಗೆ ಇಳಿದಾಗ ಸೆಂಟಿಮೀಟರಿಗೆ ಸುಮಾರು 46 ಎಂಇವಿ. ನಷ್ಟ 36 ಪ್ರತಿಶತದ ಆಸುಪಾಸು. 2 ಎಂಇವಿಗೆ ಇಳಿದಾಗ ಸೆಂಟಿಮೀಟರಿಗೆ 160ರಷ್ಟು. ಬರಬೇಕಾದ ಬೆಳಕಿನ ಮೂರರಲ್ಲಿ ಎರಡು ಪಾಲು ಕಾಣೆ. ಬ್ರಾಗ್ ಶಿಖರದಲ್ಲಿ ಬೇರೆ ಬೇರೆ ಶಕ್ತಿಯ ಪ್ರೋಟಾನುಗಳು ಬೆರೆತಿರುವುದರಿಂದ ಅಲ್ಲಿ ಒಟ್ಟು ನಷ್ಟ ಇವುಗಳ ನಡುವೆ ಎಲ್ಲೋ ನಿಲ್ಲುತ್ತದೆ. ಡೋಸ್ ಎಲ್ಲಿ ಅತಿ ಹೆಚ್ಚೋ, ತಪ್ಪಿದರೆ ಎಲ್ಲಿ ಅತಿ ಅಪಾಯವೋ, ಅಲ್ಲೇ ಸಿಂಟಿಲೇಟರ್ ಅತಿ ಕಡಿಮೆ ಹೇಳುತ್ತದೆ.

ಆದೋನಿಯ ಹತ್ತಿ ಮಾರುಕಟ್ಟೆಗೆ ಬರುವ ರೈತರಿಗೆ ಇದರ ಗಂಭೀರತೆ ಬೇಗ ಅರ್ಥವಾದೀತು. ಹಗುರ ಮೂಟೆಯ ತೂಕವನ್ನು ಸರಿಯಾಗಿ ತೋರಿಸಿ, ಭಾರ ಹೆಚ್ಚಿದಂತೆ ಕಡಿಮೆ ತೋರಿಸುವ ಕಾಟಾ ಒಂದಿದೆ ಎಂದುಕೊಳ್ಳಿ. ಹತ್ತು ಕಿಲೋದ ಬಟ್ಟನ್ನಿಟ್ಟು ಪರೀಕ್ಷಿಸಿದರೆ ಅದು ಯಾವ ದೋಷವೂ ಇಲ್ಲದ ಕಾಟಾ. ದೋಷ ಹೊರಬರಬೇಕಾದರೆ ದಿನವೂ ತೂಗುವಷ್ಟೇ ಭಾರದ, ಇಲಾಖೆ ಮುದ್ರೆ ಒತ್ತಿದ ಬಟ್ಟುಗಳನ್ನು ಅದರ ಮೇಲೇರಿಸಬೇಕು. ಸೀಸಿಯಂ ಮೂಲದಲ್ಲಿ ಸರಿ ಕಂಡ ಸಿಂಟಿಲೇಟರನ್ನು ಪ್ರೋಟಾನ್ ಶಿಖರದಲ್ಲಿ ಕಣ್ಣುಮುಚ್ಚಿ ನಂಬುವಂತಿಲ್ಲ. ಯಾವ ಕೆಲಸಕ್ಕೆ ಬಳಸುತ್ತೇವೆಯೋ ಆ ಕೆಲಸದ ಹರವಿನಲ್ಲೇ ಉಪಕರಣವನ್ನು ಒರೆಗೆ ಹಚ್ಚಬೇಕು.

ಆಸ್ಪತ್ರೆಯ ಭೌತವಿಜ್ಞಾನಿಗಳು ಮಾಡುವುದೂ ಇದನ್ನೇ. ನೀರಿನ ತೊಟ್ಟಿಯಲ್ಲಿ ಅಯಾನ್ ಚೇಂಬರನ್ನು ಮಿಲಿಮೀಟರ್ ಮಿಲಿಮೀಟರಾಗಿ ಸರಿಸುತ್ತಾ ಆಳಕ್ಕೆ ತಕ್ಕಂತೆ ಡೋಸ್ ಹೇಗೆ ಬದಲಾಗುತ್ತದೆ ಎಂದು ಗೆರೆ ಎಳೆಯುತ್ತಾರೆ. ಅದೇ ಕಿರಣಕ್ಕೆ ಸಿಂಟಿಲೇಟರ್ ಕೊಟ್ಟ ಗೆರೆಯನ್ನು ಪಕ್ಕದಲ್ಲಿಡುತ್ತಾರೆ. ಎರಡರ ಅಂತರದಿಂದ ತಮ್ಮ ಕೈಯಲ್ಲಿರುವ ವಸ್ತುವಿನ ಬರ್ಕ್ಸ್ ಸ್ಥಿರಾಂಕವನ್ನು ಕಂಡುಕೊಂಡು ತಿದ್ದುಪಡಿ ಸಿದ್ಧಮಾಡುತ್ತಾರೆ. ಮುಖ್ಯವಾದದ್ದು ಮುಂದಿನ ಹೆಜ್ಜೆ: ತಿದ್ದುಪಡಿ ರೂಪಿಸಲು ಬಳಸದ ಬೇರೆ ಶಕ್ತಿಯ ಕಿರಣದ ಮೇಲೆ, ಹಲವು ಶಕ್ತಿಗಳು ಬೆರೆತ ಅಗಲವಾದ ಕಿರಣದ ಮೇಲೆ ಅದನ್ನು ಪ್ರಯೋಗಿಸಿ ನೋಡಬೇಕು. ಅಲ್ಲಿಯೂ ನಿಂತರೆ ಮಾತ್ರ ಅದು ತಿದ್ದುಪಡಿ.

ಸಿಂಟಿಲೇಟರಿನ ಬಲಗಳನ್ನೂ ಹೇಳಬೇಕು. ಬೆಳಕಿನ ಶಿಖರದ ಎತ್ತರ ತಗ್ಗಿದರೂ, ಶಿಖರದಾಚೆಯ ಕಡಿದಾದ ಇಳಿಜಾರಿನ ಜಾಗ ಹೆಚ್ಚು ಸರಿಯುವುದಿಲ್ಲ. ಆದ್ದರಿಂದ ಕಿರಣ ಎಷ್ಟು ಆಳ ಹೋಯಿತೆಂದು ದಿನವೂ ತಾಳೆ ನೋಡಲು ಅದು ಒಳ್ಳೆಯ ಸಾಧನ. ಚುಕ್ಕಿಯ ಜಾಗ, ಅಗಲ ಅಳೆಯುವುದರಲ್ಲಿ ಅದಕ್ಕೆ ಸಾಟಿಯಾಗುವವು ಕಡಿಮೆ. ಎಕ್ಸ್-ಕಿರಣ ಚಿಕಿತ್ಸೆಯಲ್ಲಿ ಕಾಡುವ, ವಸ್ತುವಿನೊಳಗೆ ಬೆಳಕಿಗಿಂತ ವೇಗವಾಗಿ ಹೋಗುವ ಕಣ ಹೊಮ್ಮಿಸುವ ಚೆರೆಂಕೋವ್ ಬೆಳಕಿನ ಕಾಟವೂ ಇಲ್ಲಿ ಕಡಿಮೆ, ಏಕೆಂದರೆ ಪ್ಲಾಸ್ಟಿಕ್ಕಿನಲ್ಲಿ ಪ್ರೋಟಾನ್ ತಾನೇ ಆ ಬೆಳಕು ಹೊಮ್ಮಿಸಬೇಕಾದರೆ ಸುಮಾರು 270 ಎಂಇವಿ ದಾಟಬೇಕು. ಚಿಕಿತ್ಸೆಯ ಕಿರಣ ಅಷ್ಟು ಎತ್ತರಕ್ಕೆ ಹೋಗುವುದಿಲ್ಲ. ಆದರೆ ಕ್ಯಾಮೆರಾದ ಮಸೂರ ಅಂಚುಗಳನ್ನು ತುಸು ಮಂಕಾಗಿಯೂ ಸೊಟ್ಟಾಗಿಯೂ ತೋರಿಸುತ್ತದೆ. ಅಳತೆ ಗೊತ್ತಿರುವ ಜಾಲರಿಯ ಚಿತ್ರ ತೆಗೆದು ಅದನ್ನು ಸರಿಪಡಿಸಬೇಕು. ಬಿಸಿ ಏರಿದರೆ ಬೆಳಕು ತುಸು ಇಳಿಯುತ್ತದೆ. ವರ್ಷಗಟ್ಟಲೆ ವಿಕಿರಣ ಉಂಡ ಪ್ಲಾಸ್ಟಿಕ್ ಹಳದಿಯಾಗಿ ಮಂಕಾಗುತ್ತದೆ. ಆದ್ದರಿಂದ ಒಮ್ಮೆ ಮಾಡಿ ಮುಗಿಸುವ ಕ್ಯಾಲಿಬ್ರೇಷನ್ ಎಂಬುದೇ ಇಲ್ಲ.

ಕೊಂಡಿ ಕಳಚದಿರಲಿ

ಸಿಂಟಿಲೇಟರನ್ನು ಚೇಂಬರ್ ತಿದ್ದುತ್ತದೆ ಸರಿ, ಚೇಂಬರನ್ನು ತಿದ್ದುವವರು ಯಾರು? ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಇದಕ್ಕೆಂದೇ ಮಾನಕ ಪ್ರಯೋಗಾಲಯ ಇದೆ. ಅಲ್ಲಿ ಕೋಬಾಲ್ಟ್-60 ಕಿರಣದೆದುರು ಚೇಂಬರನ್ನಿಟ್ಟು, ಇಷ್ಟು ವಿದ್ಯುದಂಶಕ್ಕೆ ಇಷ್ಟು ಗ್ರೇ ಎಂಬ ಅಂಕಿ ಕೊಡುತ್ತಾರೆ. ಕೋಬಾಲ್ಟಿಗೆ ಕೊಟ್ಟ ಆ ಅಂಕಿಯನ್ನು ಪ್ರೋಟಾನಿಗೆ ಹೊಂದಿಸುವ ಗುಣಕ, ಅಳತೆಯ ವಿಧಾನ ಎಲ್ಲವೂ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 2000ದಲ್ಲಿ ಪ್ರಕಟಿಸಿ 2024ರಲ್ಲಿ ಪರಿಷ್ಕರಿಸಿದ ಟಿಆರ್‌ಎಸ್-398 ಎಂಬ ಸಂಹಿತೆಯಲ್ಲಿವೆ. ಇಷ್ಟು ಎಚ್ಚರದಿಂದ ಮಾಡಿದರೂ ಅಂತಿಮ ಡೋಸಿನಲ್ಲಿ ಸುಮಾರು 2 ಪ್ರತಿಶತದ ಅನಿಶ್ಚಿತತೆ ಉಳಿಯುತ್ತದೆ ಎಂದು ಸಂಹಿತೆಯೇ ಒಪ್ಪಿಕೊಳ್ಳುತ್ತದೆ. ಅಳತೆಯ ಜೊತೆಗೆ ಅದರ ಅನಿಶ್ಚಿತತೆಯನ್ನೂ ಹೇಳುವುದು ದೌರ್ಬಲ್ಯವಲ್ಲ. ಹೇಳದಿದ್ದರೆ ಆ ಅಂಕಿಗೆ ಅರ್ಥವಿಲ್ಲ. ದೇಶದ ಎಲ್ಲ ವಿಕಿರಣ ಚಿಕಿತ್ಸಾ ಘಟಕಗಳ ಮೇಲ್ವಿಚಾರಣೆ 1983ರಲ್ಲಿ ರಚನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು.

ಚೇಂಬರ್ ಕೂಡ ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಅದರೊಳಗಿನ ಗಾಳಿ ಹೊರಗಿನ ಗಾಳಿಯೊಂದಿಗೆ ಬೆರೆತದ್ದು. ಆದೋನಿ ಸಮುದ್ರ ಮಟ್ಟದಿಂದ ಸುಮಾರು 430 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಒತ್ತಡ ಚೆನ್ನೈಗಿಂತ ಸುಮಾರು 5 ಪ್ರತಿಶತ ಕಡಿಮೆ, ಬೆಂಗಳೂರಿನಲ್ಲಿ ಸುಮಾರು 10 ಪ್ರತಿಶತ ಕಡಿಮೆ. ಒತ್ತಡ ಮತ್ತು ಉಷ್ಣತೆಯ ತಿದ್ದುಪಡಿ ಮಾಡದಿದ್ದರೆ ಒಂದೇ ಡೋಸ್ ಒಂದೊಂದು ಊರಿನಲ್ಲಿ ಒಂದೊಂದು ಅಂಕಿ ತೋರಿಸುತ್ತದೆ. ಘನವಸ್ತುವಾದ ಸಿಂಟಿಲೇಟರಿಗೆ ಗಾಳಿಯ ಒತ್ತಡದ ಈ ತೊಂದರೆ ಇಲ್ಲ. ಒಂದರ ಕೊರತೆಯನ್ನು ಇನ್ನೊಂದು ಹಿಡಿದುಕೊಡುತ್ತದೆ ಎಂಬ ಕಾರಣಕ್ಕೇ ಒಳ್ಳೆಯ ಕೇಂದ್ರಗಳು ಬೇರೆ ಬೇರೆ ತತ್ತ್ವದ ಉಪಕರಣಗಳನ್ನು ಇಟ್ಟುಕೊಳ್ಳುತ್ತವೆ.

ನಮ್ಮ ಕಾಲೇಜುಗಳ ಪಾಲಿನ ಕೆಲಸ

ಈ ಭಾಗದಲ್ಲಿ ನಾಳೆಯೇ ಪ್ರೋಟಾನ್ ಕೇಂದ್ರ ಬರಲಿ ಎಂದು ನಾನು ಕೇಳುತ್ತಿಲ್ಲ. ಸುಮಾರು 220 ಟನ್ ತೂಗುವ ಸೈಕ್ಲೋಟ್ರಾನ್, ಅದರ ಸುತ್ತಲ ಕಾಂಕ್ರೀಟ್ ಗೋಡೆಗಳು, ನಡೆಸುವ ಜನ, ಇವೆಲ್ಲ ಭಾರಿ ಬಂಡವಾಳದ ಮಾತು. ಆದರೆ ಅಳತೆಯ ವಿದ್ಯೆ ಬರಲು ಅಷ್ಟು ಬೇಕಿಲ್ಲ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ, ಕರ್ನೂಲಿನ ರಾಯಲಸೀಮಾ ವಿಶ್ವವಿದ್ಯಾಲಯದಲ್ಲಿ, ರಾಯಚೂರು, ಆದೋನಿಗಳ ಪದವಿ ಕಾಲೇಜುಗಳಲ್ಲಿ ಎರಡು ಪ್ಲಾಸ್ಟಿಕ್ ಸಿಂಟಿಲೇಟರ್ ಹಲಗೆಗಳಿದ್ದರೆ ಮ್ಯೂಯಾನ್ ಕ್ಯಾಲಿಬ್ರೇಷನ್ ಪ್ರಯೋಗ ಶುರುಮಾಡಬಹುದು. 10 ಸೆಂ.ಮೀ. ಚೌಕದ ಹಲಗೆಗೆ ನಿಮಿಷಕ್ಕೆ ನೂರರಷ್ಟು ಮ್ಯೂಯಾನುಗಳು ಬೀಳುತ್ತವೆ; ಒಂದೇ ಮಧ್ಯಾಹ್ನದಲ್ಲಿ ವಿದ್ಯಾರ್ಥಿಗಳಿಗೆ ಸಾವಿರಾರು ದಾಖಲೆಗಳು ಸಿಗುತ್ತವೆ. ಬೇಸಿಗೆಯ ಬಿಸಿಗೆ ಅಂಕಿ ಎಷ್ಟು ಸರಿಯಿತು, ವೋಲ್ಟೇಜ್ ಹೆಚ್ಚಿಸಿದರೆ ಏನಾಯಿತು, ಗಾಮಾ ಮೂಲ ಕೊಟ್ಟ ಗೆರೆಗೂ ಮ್ಯೂಯಾನ್ ಕೊಟ್ಟ ಬಿಂದುವಿಗೂ ತಾಳೆ ಬಂತೆ ಎಂದು ಅವರೇ ನೋಡಿ ಬರೆಯಬಹುದು. ನಿಗದಿತ ಉತ್ತರ ಬರಿಸಲು ಅಂಕಿ ತಿದ್ದುವ ಅಭ್ಯಾಸ ನಮ್ಮ ಎಷ್ಟೋ ಪ್ರಯೋಗ ಪುಸ್ತಕಗಳಲ್ಲಿದೆ. ಆ ಅಭ್ಯಾಸ ಹಿಡಿದುಕೊಂಡೇ ಆಸ್ಪತ್ರೆಯ ಅಳತೆ ಕೋಣೆ ಸೇರಿದವರು ರೋಗಿಗೆ ಅಪಾಯ ತರುತ್ತಾರೆ.

ಈ ಹಾದಿಯಲ್ಲಿ ಉದ್ಯೋಗವೂ ಇದೆ. ಭೌತವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ಭಾಭಾ ಕೇಂದ್ರ 1962ರಿಂದ ರೇಡಿಯೋಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ ಕಲಿಸುತ್ತಿದೆ. ಮೆಡಿಕಲ್ ಫಿಸಿಸಿಸ್ಟ್ ಇಲ್ಲದೆ ಯಾವ ರೇಡಿಯೋಥೆರಪಿ ವಿಭಾಗವೂ ನಡೆಯುವಂತಿಲ್ಲ. ಕನ್ನಡ, ತೆಲುಗು ಎರಡೂ ಬಲ್ಲ ಈ ಗಡಿಯ ಮಕ್ಕಳು ಆ ಕೆಲಸಕ್ಕೆ ಬಂದರೆ, ಹೆದರಿ ಕೂತ ಮನೆಯವರಿಗೆ ಯಂತ್ರ ಏನು ಮಾಡುತ್ತಿದೆ ಎಂದು ಅವರದೇ ಮಾತಿನಲ್ಲಿ ಹೇಳುವವರೂ ಸಿಗುತ್ತಾರೆ.

ಚಿಕಿತ್ಸೆಗೆ ಹೊರಟವರಿಗೂ ಒಂದು ಮಾತು. ನಿಮ್ಮ ಘಟಕದ ಮೆಡಿಕಲ್ ಫಿಸಿಸಿಸ್ಟ್ ಅವರನ್ನು ಕೇಳಿ: ಇಂದು ಬೆಳಿಗ್ಗೆ ಕಿರಣ ಅಳೆದಿರಾ? ಚೇಂಬರ್ ಕೊನೆಯ ಬಾರಿ ಮಾನಕ ಪ್ರಯೋಗಾಲಯಕ್ಕೆ ಹೋಗಿಬಂದದ್ದು ಯಾವಾಗ? ಕೇಳುವುದಕ್ಕೆ ಸಂಕೋಚ ಬೇಡ. ಅಳತೆಯನ್ನು ಗಂಭೀರವಾಗಿ ಮಾಡುವವರ ಬಳಿ ಉತ್ತರ ದಾಖಲೆಯ ರೂಪದಲ್ಲೇ ಇರುತ್ತದೆ, ತೋರಿಸುವುದಕ್ಕೆ ಅವರಿಗೆ ಸಂತೋಷವೂ ಆಗುತ್ತದೆ. ಜನ ಕೇಳುತ್ತಾರೆ ಎಂದು ಗೊತ್ತಿರುವ ಕಡೆ ಆ ದಾಖಲೆ ಒಂದು ದಿನವೂ ತಪ್ಪುವುದಿಲ್ಲ.